ಮಗ್ಗ ನಿಂತ ಮೇಲೂ ಕೇಳುವ ಸದ್ದು: ಕಿವಿಮೊರೆತದ ಚಿಕಿತ್ಸೆಯಲ್ಲಿ ಧ್ವನಿ, ಸ್ಪರ್ಶ ಮತ್ತು ಮಾತು

(ಗಡಿನಾಡ ಕನ್ನಡ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಸ್ತದ ಅಲ್ಲರಿ? ನಡುವೆ ನೆಟ್‌ವರ್ಕ್ ಹೋದರೆ ಚಾಟ್‌ನಲ್ಲಿ ತಿಳಿಸಿ, ನಿಂತು ಮತ್ತೆ ಹೇಳ್ತೀನಿ.

ಈ ಗೋಷ್ಠಿಯಲ್ಲಿ ಇದುವರೆಗೆ ಶಾಸನ, ಶಾಲೆ, ಜನಪದ ಹಾಡು, ಗಡಿ ಆಯೋಗ ಇವುಗಳ ಬಗ್ಗೆ ಕೇಳಿದ್ದೇವೆ. ನಾನು ಒಂದು ಕಾಯಿಲೆಯ ಚರಿತ್ರೆಯನ್ನು ಎತ್ತಿಕೊಂಡಿದ್ದೇನೆ. ಕನ್ನಡ ಸಾಹಿತ್ಯ ಓದುವವಳಿಗೆ ಇದರಲ್ಲಿ ಏನು ಕೆಲಸ ಅಂತ ನಮ್ಮ ವಿಭಾಗದಲ್ಲೇ ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊನೆಯಲ್ಲಿ ಸಿಗಬಹುದು ಅಂದುಕೊಂಡಿದ್ದೇನೆ. ಮೊದಲು ವಿಷಯ ಎಲ್ಲಿಂದ ಬಂತು ಅನ್ನೋದನ್ನ ಹೇಳಿಬಿಡ್ತೀನಿ.

ನಮ್ಮದು ಅಕ್ಕಲಕೋಟ ತಾಲೂಕಿನ ಹಳ್ಳಿ. ನಮ್ಮ ಮುತ್ಯಾ ಹದಿನೇಳನೇ ವಯಸ್ಸಿಗೆ ಸೊಲ್ಲಾಪುರಕ್ಕೆ ಹೋಗಿ ಪವರ್‌ಲೂಮ್ ಕಾರಖಾನೆ ಸೇರಿದರು. ಚಾದರ, ಟಾವೆಲ್ ನೇಯುವ ಕೆಲಸ. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಒಂದು ವಾರ ಹಗಲುಪಾಳಿ, ಒಂದು ವಾರ ರಾತ್ರಿಪಾಳಿ. ಕೆಲಸ ಬಿಟ್ಟು ಊರಿಗೆ ಬಂದಮೇಲೆ ಅವರು ಹೇಳಿದ ಮೊದಲ ದೂರು ಇದು: "ಮಗ್ಗ ಬಂದ್ ಆದ್ರೂ ಕಿವ್ಯಾಗಿಂದು ಬಂದ್ ಆಗವಲ್ದು."

ಮನೆಯವರು ನಕ್ಕರು. ಊರಿನ ಭಜನಿ ಮಂದಿಯಲ್ಲಿ ಹಿರಿಯರೊಬ್ಬರು, ಇದು ಅನಾಹತ ನಾದ, ಪುಣ್ಯವಂತರಿಗೆ ಮಾತ್ರ ಕೇಳಿಸೋದು ಅಂದರು. ಮುತ್ಯಾ ತಿರುಗಿ ಕೇಳಿದ್ದು ನನಗೆ ಇನ್ನೂ ನೆನಪಿದೆ: "ಅನಾಹತ ಇದ್ದರ ನಿದ್ದಿ ಯಾಕ ಬರವಲ್ದು?" ಈ ಪ್ರಬಂಧ ಶುರುವಾಗಿದ್ದು ಆ ಪ್ರಶ್ನೆಯಿಂದ.

1. ಮೊರೆತ ಮತ್ತು ಮೊರೆ

ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯಲ್ಲಿ ಅಥವಾ ತಲೆಯಲ್ಲಿ ಸದ್ದು ಕೇಳುವುದಕ್ಕೆ ವೈದ್ಯರು ಟಿನ್ನಿಟಸ್ ಅನ್ನುತ್ತಾರೆ. ಕನ್ನಡದಲ್ಲಿ ಕಿವಿಮೊರೆತ ಅನ್ನಬಹುದು. ನಮ್ಮ ಕಡೆ 'ಕಿವಿ ಗುಂಯ್ ಅಂತದ' ಅಂತಾರೆ. ಕೆಲವರಿಗೆ ಜೀರುಂಡೆಯ ಸದ್ದು, ಕೆಲವರಿಗೆ ಸೀಟಿ, ಕೆಲವರಿಗೆ ಕುಕ್ಕರಿನ ಹಬೆ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷಾ ಅಧ್ಯಯನ ಹೇಳುವಂತೆ ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಇದರ ಅನುಭವ ಉಂಟು. ಅಂದರೆ 74 ಕೋಟಿಗೂ ಹೆಚ್ಚು ಜನ. ಹೆಚ್ಚಿನವರಿಗೆ ಅದು ಬಂದು ಹೋಗುವ ಕಿರಿಕಿರಿ. ಒಂದು ಸಣ್ಣ ಪಾಲಿನವರಿಗೆ ನಿದ್ದೆ, ಗಮನ, ನೆಮ್ಮದಿ ಎಲ್ಲವನ್ನೂ ಕಸಿಯುವ ಕಾಟ.

ನಮ್ಮ ಹಳೆಯ ವೈದ್ಯಗ್ರಂಥಗಳಿಗೆ ಇದು ಹೊಸದಲ್ಲ. ಸುಶ್ರುತ ಸಂಹಿತೆ ಎಣಿಸುವ 28 ಕಿವಿರೋಗಗಳಲ್ಲಿ ಕರ್ಣನಾದವೂ ಕರ್ಣಕ್ಷ್ವೇಡವೂ ಬೇರೆಬೇರೆಯಾಗಿಯೇ ಬರುತ್ತವೆ. ಮಾಧವ ನಿದಾನದಲ್ಲಿ ಕರ್ಣನಾದ ಅಂದರೆ ಭೇರಿ, ಮೃದಂಗ, ಶಂಖದಂಥ ಸದ್ದು. ಕ್ಷ್ವೇಡ ಅಂದರೆ ಕೊಳಲಿನಂಥ ಸದ್ದು. ವಾಯು ದಾರಿ ತಪ್ಪಿ ಕಿವಿಯ ನಾಳ ಸೇರಿತು ಅನ್ನುವುದು ಅವರ ವಿವರಣೆ. ವಿವರಣೆ ಏನೇ ಇರಲಿ, ಒಂದು ಮಾತನ್ನು ಗಮನಿಸಬೇಕು. ವೈದ್ಯನಿಗೆ ಆ ಸದ್ದು ಕೇಳಿಸುವುದಿಲ್ಲ. ಭೇರಿಯೋ ಕೊಳಲೋ ಅನ್ನುವ ವಿಂಗಡಣೆ ರೋಗಿ ಹೇಳಿದ್ದರಿಂದ ಮಾತ್ರ ಬಂದದ್ದು.

ಕನ್ನಡದ 'ಮೊರೆ' ಎಂಬ ಮಾತನ್ನೇ ನೋಡ್ರಿ. ದುಂಬಿ ಮೊರೆಯುತ್ತದೆ, ಕಡಲು ಮೊರೆಯುತ್ತದೆ. ಕಷ್ಟದಲ್ಲಿದ್ದವನೂ ಮೊರೆ ಇಡುತ್ತಾನೆ. ಸದ್ದಿಗೂ ದೂರಿಗೂ ನಮ್ಮಲ್ಲಿ ಒಂದೇ ರೂಪದ ಮಾತು. ಈ ಕಾಯಿಲೆಯ ಚರಿತ್ರೆ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಮೊರೆತದ ಚಿಕಿತ್ಸೆ ಮುಂದಕ್ಕೆ ಹೋದ ಕಡೆಗಳಲ್ಲೆಲ್ಲ ಯಾರೋ ಒಬ್ಬರು ರೋಗಿಯ ಮೊರೆಯನ್ನು ಗಮನವಿಟ್ಟು ಕೇಳಿದ್ದಾರೆ. ನಿಂತುಹೋದ ಕಡೆಗಳಲ್ಲಿ ಹಲವು ಸಲ ಆ ಕೇಳುವಿಕೆಯೇ ಇರಲಿಲ್ಲ.

2. ಸದ್ದಿಗೆ ಸದ್ದೇ ಮದ್ದು

ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದಿರುವ 'ಪ್ರಾಬ್ಲಮಾಟ' ಎಂಬ ಗ್ರೀಕ್ ಪ್ರಶ್ನಮಾಲೆಯಲ್ಲಿ ಒಂದು ಪ್ರಶ್ನೆ ಇದೆ. ಹೊರಗೆ ಸದ್ದು ಮಾಡಿದರೆ ಕಿವಿಯೊಳಗಿನ ಗುಂಯ್‌ಗುಡುವಿಕೆ ಯಾಕೆ ನಿಲ್ಲುತ್ತದೆ? ದೊಡ್ಡ ಸದ್ದು ಸಣ್ಣ ಸದ್ದನ್ನು ಓಡಿಸುತ್ತದೆ ಅನ್ನೋದು ಅಲ್ಲಿಯ ಉತ್ತರ. ಎರಡು ಸಾವಿರ ವರ್ಷ ಕಳೆದ ಮೇಲೆ, 1821ರಲ್ಲಿ, ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಝಾಂ ಮಾರ್ಕ್ ಗಾಸ್ಪಾರ್ ಇಟಾರ್ ತನ್ನ ಕಿವಿರೋಗಗಳ ಗ್ರಂಥದಲ್ಲಿ ಇದನ್ನೇ ಚಿಕಿತ್ಸೆಯಾಗಿ ಬರೆದ. ಭೋರ್ಗರೆತ ಕೇಳುವವನು ಉರಿಯುವ ಒಲೆಯ ಹತ್ತಿರ ಕೂರಲಿ. ಸೀಟಿ ಕೇಳುವವನು ಹಸಿ ಕಟ್ಟಿಗೆ ಉರಿಸಲಿ, ಅದು ಸುಯ್ ಅನ್ನುತ್ತದೆ. ನೀರಿನ ಗಿರಣಿಯ ಪಕ್ಕ ವಾಸ ಮಾಡಿದರೂ ಆದೀತು. ಯಾವ ರೋಗಿಗೆ ಯಾವ ಸದ್ದು ಅನ್ನುವುದನ್ನು ಕೇಳಿ ತಿಳಿದುಕೊಂಡೇ ಮದ್ದು ಹೇಳಬೇಕು.

ಅದೇ ಕಾಲದಲ್ಲಿ ವಿದ್ಯುತ್ತಿನ ಹುಚ್ಚೂ ಶುರುವಾಯಿತು. ವಿದ್ಯುತ್ ಬ್ಯಾಟರಿ ಕಂಡುಹಿಡಿದ ಅಲೆಸ್ಸಾಂಡ್ರೊ ವೋಲ್ಟಾ 1800ರ ಹೊತ್ತಿಗೆ ತನ್ನದೇ ಎರಡೂ ಕಿವಿಗೆ ಲೋಹದ ಕಡ್ಡಿ ಇಟ್ಟು ಕರೆಂಟು ಹರಿಸಿಕೊಂಡ. ತಲೆಗೆ ಏಟು ಬಿದ್ದಂತಾಗಿ, ಆಮೇಲೆ ಗಟ್ಟಿ ಸಾರು ಕುದಿಯುವಂಥ ಸದ್ದು ಕೇಳಿತು ಅಂತ ಬರೆದ. ಮತ್ತೆ ಆ ಪ್ರಯೋಗ ಮಾಡುವ ಮನಸ್ಸು ಅವನಿಗೆ ಬರಲಿಲ್ಲ. ಆದರೆ ಬೇರೆಯವರು ಬಿಡಲಿಲ್ಲ. ಕಿವಿಯ ಕಾಯಿಲೆಗಳಿಗೆಲ್ಲ ಕರೆಂಟು ಹಚ್ಚುವ ಪದ್ಧತಿ ಯುರೋಪಿನಲ್ಲಿ ಹಬ್ಬಿತು. ಎಲ್ಲಿ ಹಚ್ಚಬೇಕು, ಯಾವ ಹೊತ್ತಿಗೆ ಹಚ್ಚಬೇಕು, ಯಾಕೆ ಅನ್ನುವುದು ಗೊತ್ತಿಲ್ಲದೇ ಇದ್ದದ್ದರಿಂದ ಅದು ಅಲ್ಲಿಗೇ ಸೊರಗಿತು.

ಧ್ವನಿಯ ದಾರಿ ಮಾತ್ರ ಮುಂದುವರಿಯಿತು. 1970ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಜ್ಯಾಕ್ ವರ್ನನ್ ಎಂಬ ಸಂಶೋಧಕರನ್ನು ಕಾಣಲು ಚಾರ್ಲ್ಸ್ ಯುನೈಸ್ ಎಂಬ ವೈದ್ಯರು ಬಂದರು. ಅವರಿಗೇ ಕಿವಿಮೊರೆತ ಇತ್ತು. ಇಬ್ಬರೂ ನಡೆದುಹೋಗುವಾಗ ಊರಿನ ಕಾರಂಜಿಯೊಂದರ ಬಳಿ ಯುನೈಸ್ ನಿಂತುಬಿಟ್ಟರು. ಅಲ್ಲಿ ಅವರಿಗೆ ಕಿವಿಯ ಸದ್ದು ಕೇಳುತ್ತಿರಲಿಲ್ಲ. ಆ ಕಾರಂಜಿಯನ್ನೇ ಸಣ್ಣದು ಮಾಡಿ ಕಿವಿಗೆ ಹಾಕಿದಂತೆ ವರ್ನನ್ ಅವರ 'ಮಾಸ್ಕರ್' ಯಂತ್ರಗಳು ಬಂದವು. ನಮ್ಮ ಮನೆಯಲ್ಲಿ ಮುತ್ಯಾ ರಾತ್ರಿ ರೇಡಿಯೊ ಸಣ್ಣಗೆ ಹಚ್ಚಿಕೊಂಡು ಮಲಗುತ್ತಾರೆ. ಆಯಿಗೆ ಅದರಿಂದ ನಿದ್ದೆ ಬರಲ್ಲ, ದಿನಾ ಜಗಳ. ಇಟಾರ್ ಹೆಸರು ಗೊತ್ತಿಲ್ಲದೆ ಇಟಾರ್ ಹೇಳಿದ್ದನ್ನೇ ಅವರು ಮಾಡ್ತಿದ್ದಾರೆ.

3. ಕಿವಿಯೊಳಗೋ, ತಲೆಯೊಳಗೋ

ಸದ್ದಿನಿಂದ ಸದ್ದನ್ನು ಮುಚ್ಚಬಹುದು, ಸರಿ. ಆದರೆ ಅದು ಹುಟ್ಟುವುದು ಎಲ್ಲಿ?

ಬಹುಕಾಲ ಎಲ್ಲರೂ ಬೆರಳು ತೋರಿದ್ದು ಕಿವಿಯ ಕಡೆಗೇ. ಅದಕ್ಕೆ ಕಾರಣವೂ ಇತ್ತು. ಗದ್ದಲದ ಕಸುಬಿನವರಿಗೆ ಕಿವಿ ಕೆಡುತ್ತದೆ ಅಂತ ಇಟಲಿಯ ರಾಮಾಝಿನಿ 1713ರಲ್ಲೇ ವೆನಿಸ್ಸಿನ ತಾಮ್ರಗಾರರನ್ನು ನೋಡಿ ಬರೆದಿದ್ದರು. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ 100 ಮಂದಿ ಬಾಯ್ಲರ್ ಕಾರ್ಮಿಕರ ಕಿವಿಯನ್ನು 100 ಮಂದಿ ಅಂಚೆಯವರ ಕಿವಿಯ ಜೊತೆ ಹೋಲಿಸಿ, ಬಡಿತದ ಸದ್ದು ಕಿವಿಗೆ ಏನು ಮಾಡುತ್ತದೆ ಅಂತ ತೋರಿಸಿದರು. ಸೊಲ್ಲಾಪುರದ ಲೂಮ್ ಶೆಡ್ಡಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾಳಿ ಈ ತುದಿಯಿಂದ ಆ ತುದಿಗೆ ಬಡಿಯುವ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಅಲ್ಲಿ ಕೆಲಸಗಾರರು ಮಾತಾಡೋದು ತುಟಿ ನೋಡಿ, ಕೈಸನ್ನೆ ನೋಡಿ. ಚಾದರಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ನೇಯ್ದವರ ಕಿವಿಯ ಲೆಕ್ಕ ಯಾವ ಗುರುತಿನಲ್ಲೂ ಇಲ್ಲ.

ಕಿವಿ ಕೆಟ್ಟಿದ್ದರಿಂದ ಮೊರೆತ ಬಂತು ಅಂದಮೇಲೆ ಕಿವಿಯ ನರವನ್ನೇ ಕತ್ತರಿಸಿದರೆ ಮೊರೆತ ನಿಲ್ಲಬೇಕಲ್ಲ? ಇಲ್ಲಿ ಚರಿತ್ರೆ ತಿರುವು ಪಡೆಯುತ್ತದೆ. ಶ್ರವಣನರದ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯ ನಂತರ ರೋಗಿಗಳ ಮೊರೆತ ಏನಾಯಿತು ಅಂತ ಹೌಸ್ ಮತ್ತು ಬ್ರಾಕ್‌ಮನ್ 1981ರಲ್ಲಿ ಪ್ರಕಟಿಸಿದರು. ಆ ಕಿವಿ ಪೂರ್ತಿ ಕಿವುಡಾಗಿತ್ತು, ಆದರೂ ಎಷ್ಟೋ ಜನರಿಗೆ ಸದ್ದು ನಿಂತಿರಲಿಲ್ಲ. ಕೆಲವರಿಗೆ ಮೊದಲಿಗಿಂತ ಜೋರಾಗಿತ್ತು. ಕೈ ಕಳೆದುಕೊಂಡವರಿಗೆ ಇಲ್ಲದ ಕೈ ನೋಯುವ ಹಾಗೆ. ಇನ್ನೂ ಹಿಂದೆ, 1953ರಲ್ಲಿ, ಹೆಲ್ಲರ್ ಮತ್ತು ಬರ್ಗ್‌ಮನ್ ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಏನು ಕೇಳುತ್ತೆ ಅಂದಾಗ ನೂರಕ್ಕೆ 94 ಜನ ಏನಾದರೊಂದು ಸದ್ದನ್ನು ಹೇಳಿದ್ದರು. ಇವೆಲ್ಲ ಸೇರಿ ಒಂದು ಮಾತನ್ನು ಒಪ್ಪಿಸಿದವು: ಬೆಂಕಿ ಹೊತ್ತಿದ್ದು ಕಿವಿಯಲ್ಲಿ ಇರಬಹುದು, ಉರಿಯುತ್ತಿರುವುದು ಮಿದುಳಿನಲ್ಲಿ. 1990ರಲ್ಲಿ ಪಾವೆಲ್ ಯಾಸ್ಟ್ರೆಬೋಫ್ ಇದನ್ನು ಒಂದು ಸಿದ್ಧಾಂತವಾಗಿ ಕಟ್ಟಿದರು. ಮೊರೆತ ಎಷ್ಟು ಜೋರು ಅನ್ನುವುದಕ್ಕಿಂತ ಮಿದುಳು ಅದನ್ನು ಎಷ್ಟು ಅಪಾಯ ಎಂದು ಎಣಿಸುತ್ತದೆ ಅನ್ನುವುದರ ಮೇಲೆ ಸಂಕಟ ನಿಂತಿದೆ ಅಂದರು. ಸಮಾಲೋಚನೆ ಮತ್ತು ಮೆಲುಧ್ವನಿ ಸೇರಿದ ಚಿಕಿತ್ಸೆ ಅದರಿಂದ ಬಂತು.

4. ದವಡೆಯ ಸಾಕ್ಷ್ಯ

ಇಷ್ಟು ಹೊತ್ತೂ ಮಾತು ಧ್ವನಿಯ ಸುತ್ತಲೇ ಇತ್ತು. ಸ್ಪರ್ಶ ಎಲ್ಲಿಂದ ಬಂತು?

ಕಟಕ ರೊಟ್ಟಿ ತಿನ್ನುವಾಗ ಮುತ್ಯಾ ಒಮ್ಮೆ ಅಂದಿದ್ದರು: "ಹಲ್ಲು ಗಟ್ಟಿ ಕಚ್ಚಿದ್ರ ಶಬ್ದ ಏರ್ತದ ನೋಡವ್ವಾ, ಬಿಟ್ರ ಇಳೀತದ." ನಮ್ಮ ಕಾಕಾ, ಇನ್ನ ರೊಟ್ಟಿ ಬ್ಯಾಡ ಅನ್ನಲಿಕ್ಕೆ ಇದೊಂದು ನೆವ ಅಂತ ಚೇಷ್ಟೆ ಮಾಡಿದರು. ನಾನೂ ನಕ್ಕೆ. ನಕ್ಕದ್ದು ತಪ್ಪು ಅಂತ ಗೊತ್ತಾಗಿದ್ದು ಈ ಪ್ರಬಂಧಕ್ಕಾಗಿ ಓದುವಾಗ.

ಇದೇ ಮಾತನ್ನು ಎಷ್ಟೋ ದೇಶಗಳ ರೋಗಿಗಳು ಎಷ್ಟೋ ವೈದ್ಯರಿಗೆ ಹೇಳುತ್ತ ಬಂದಿದ್ದರು. ದವಡೆ ಕಚ್ಚಿದರೆ, ಕತ್ತು ತಿರುಗಿಸಿದರೆ, ಹಣೆ ಒತ್ತಿದರೆ ಕಿವಿಯ ಸದ್ದು ಬದಲಾಗುತ್ತದೆ. ಕಿವಿಗೂ ದವಡೆಗೂ ಏನು ಸಂಬಂಧ ಅಂತ ಹೆಚ್ಚಿನವರು ಕೈಬಿಟ್ಟಿದ್ದರು. ಬೋಸ್ಟನ್ನಿನ ವೈದ್ಯ ರಾಬರ್ಟ್ ಲೆವೈನ್ ಕೈಬಿಡಲಿಲ್ಲ. ಒಬ್ಬೊಬ್ಬ ರೋಗಿಯನ್ನೂ ಕೂರಿಸಿ, ಹೀಗೆ ಕಚ್ಚಿ, ಹೀಗೆ ತಳ್ಳಿ, ಈಗ ಹೇಗೆ ಕೇಳುತ್ತೆ ಅಂತ ಕೇಳಿ ಬರೆದುಕೊಂಡರು. ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಸದ್ದು ಬದಲಾಗುತ್ತಿತ್ತು. 1999ರಲ್ಲಿ ಅವರು ಒಂದು ಊಹೆ ಮುಂದಿಟ್ಟರು. ಮಿದುಳಿನ ಬುಡದಲ್ಲಿ, ಶ್ರವಣನರ ಬಂದು ಸೇರುವ ಮೊದಲ ನಿಲ್ದಾಣದಲ್ಲಿ, ಒಂದು ಭಾಗವಿದೆ. ಅದರ ಹೆಸರು ಡಾರ್ಸಲ್ ಕಾಕ್ಲಿಯರ್ ನ್ಯೂಕ್ಲಿಯಸ್. ಅಲ್ಲಿಗೆ ಕಿವಿಯ ಸುದ್ದಿ ಮಾತ್ರ ಬರುವುದಿಲ್ಲ, ಮುಖ, ದವಡೆ, ನಾಲಿಗೆ, ಕತ್ತುಗಳ ಸ್ಪರ್ಶದ ಸುದ್ದಿಯೂ ಬರುತ್ತದೆ. ಮೊರೆತದ ಗುಟ್ಟು ಈ ಕೂಡುದಾರಿಯಲ್ಲಿದೆ ಅನ್ನೋದು ಆ ಊಹೆ.

ಸ್ಪರ್ಶಕ್ಕೆ ಅಲ್ಲಿ ಏನು ಕೆಲಸ? ನಾವು ಅಗಿಯುವಾಗ, ಮಾತಾಡುವಾಗ, ಕತ್ತು ತಿರುಗಿಸುವಾಗ ನಮ್ಮ ಮೈಯೇ ಸದ್ದು ಮಾಡುತ್ತದೆ. ಅದು ನಮ್ಮದೇ ಸದ್ದು ಅಂತ ಗುರುತಿಸಿ ಕಳೆದುಬಿಟ್ಟರೆ ಹೊರಗಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಹೀಗೆ ಕಳೆಯುವ ಲೆಕ್ಕಕ್ಕೆ ಸ್ಪರ್ಶದ ಸುದ್ದಿ ಬೇಕು ಅಂತ ವಿಜ್ಞಾನಿಗಳು ಹೇಳುತ್ತಾರೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ಮತ್ತು ಅವರ ಬಳಗ ವರ್ಷಗಟ್ಟಲೆ ಗಿನಿಪಿಗ್‌ಗಳ ಮೇಲೆ ಇದನ್ನೇ ಅಭ್ಯಾಸ ಮಾಡಿತು. ಜೋರು ಸದ್ದಿನಿಂದ ಕಿವಿ ಕೆಟ್ಟಾಗ ಕಿವಿಯಿಂದ ಬರುವ ಸುದ್ದಿ ಕಡಿಮೆಯಾಗುತ್ತದೆ, ಸ್ಪರ್ಶದ ತಂತುಗಳು ಆ ಜಾಗದಲ್ಲಿ ಬಲವಾಗುತ್ತವೆ. ಅಲ್ಲಿಯ ಫ್ಯೂಸಿಫಾರ್ಮ್ ಕೋಶಗಳು ಹೊರಗೆ ಸದ್ದಿಲ್ಲದಿದ್ದರೂ ಹೆಚ್ಚೆಚ್ಚು ಮಿಡಿಯತೊಡಗುತ್ತವೆ, ಅದೂ ಒಂದರ ಜೊತೆ ಒಂದು ತಾಳ ಹಿಡಿದು. ಮಿದುಳಿನ ಮೇಲಿನ ಭಾಗಗಳು ಅದನ್ನು ಸದ್ದು ಅಂತ ಓದಿಕೊಳ್ಳುತ್ತವೆ.

ತಾಳವನ್ನು ಕೆಡಿಸಬೇಕಾದರೆ? ನರಕೋಶಗಳ ನಡುವಿನ ಬಂಧ ಗಟ್ಟಿಯಾಗುವುದೋ ಸಡಿಲಾಗುವುದೋ ಅನ್ನುವುದು ಎರಡು ಸುದ್ದಿಗಳು ಬಂದು ಸೇರುವ ಹೊತ್ತಿನ ಮೇಲೆ ನಿಂತಿದೆ. ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ಮಿಲಿಸೆಕೆಂಡು. ಒಂದು ಕ್ರಮದಲ್ಲಿ ಧ್ವನಿಯನ್ನೂ ಸ್ಪರ್ಶದ ಸಣ್ಣ ಕರೆಂಟನ್ನೂ ಜೋಡಿಸಿ ಕೊಟ್ಟರೆ ಆ ಕೋಶಗಳ ಉದ್ರೇಕ ಇಳಿಯುತ್ತದೆ, ಬೇರೆ ಕ್ರಮದಲ್ಲಿ ಕೊಟ್ಟರೆ ಏರಲೂಬಹುದು. ಇದನ್ನು ನಾನು ಮುತ್ಯಾಗೆ ಹೇಳಿದಾಗ ಅವರು ತಟ್ಟನೆ ಹಿಡಿದರು: "ಹೌದಲ್ಲ, ಲಾಳಿ ದಾಟಿದ ಮ್ಯಾಲ ಹಣಿಗಿ ಬಡೀಬೇಕು. ಮೊದಲೇ ಬಡದ್ರ ಎಳಿ ಹರೀತದ." ನನಗೆ ಮೂರು ಲೇಖನ ಓದಿ ಅರ್ಥವಾಗಿದ್ದು ಅವರಿಗೆ ಒಂದು ಮಾತಿಗೆ ಅರ್ಥವಾಗಿತ್ತು. ವೋಲ್ಟಾ ಕಾಲದ ಕರೆಂಟಿಗೂ ಇದಕ್ಕೂ ಇರುವ ವ್ಯತ್ಯಾಸವೂ ಈ ಹೊತ್ತಿನ ಲೆಕ್ಕವೇ.

5. ನಾಲಿಗೆ, ಕೆನ್ನೆ, ಕತ್ತು

ಸ್ಪರ್ಶದ ಮೂಲಕ ಬೇರೊಂದು ಇಂದ್ರಿಯವನ್ನು ತಲುಪುವ ಆಲೋಚನೆ ಇದಕ್ಕೂ ಹಳೆಯದು. 1969ರಲ್ಲಿ ಪಾಲ್ ಬಾಖ್-ಇ-ರೀಟಾ ಕುರುಡರನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಕ್ಯಾಮೆರಾ ಕಂಡ ಚಿತ್ರವನ್ನು ಬೆನ್ನಿನ ಮೇಲೆ 400 ಕಂಪನದ ಬಿಂದುಗಳಾಗಿ ಒತ್ತಿ ತೋರಿಸಿದರು. ಅಭ್ಯಾಸದ ಮೇಲೆ ಅವರು ವಸ್ತುಗಳನ್ನು ಗುರುತಿಸಿದರು. 1990ರ ದಶಕದ ಕೊನೆಗೆ ಅವರ ಬಳಗವೇ ಬೆನ್ನಿನಿಂದ ನಾಲಿಗೆಗೆ ಬಂತು. ನಾಲಿಗೆ ಸದಾ ಒದ್ದೆ, ತುಂಬ ಸೂಕ್ಷ್ಮ, ಸ್ವಲ್ಪವೇ ಕರೆಂಟು ಸಾಕು.

ಐರ್ಲೆಂಡಿನ ನ್ಯೂರೊಮಾಡ್ ಕಂಪನಿಯ ಲೆನಿಯರ್ ಯಂತ್ರ ನಾಲಿಗೆಯ ದಾರಿಯನ್ನೇ ಹಿಡಿಯಿತು. ಕಿವಿಗೆ ಹೆಡ್‌ಫೋನಿನಲ್ಲಿ ಧ್ವನಿ, ನಾಲಿಗೆಯ ತುದಿಗೆ 32 ವಿದ್ಯುದ್ವಾರಗಳ ಒಂದು ಸಣ್ಣ ತುಣುಕು. ನಾಲಿಗೆಯ ಸ್ಪರ್ಶವೂ ಮುಖದ ತ್ರಿಧಾರ ನರದ ಮೂಲಕವೇ ಹೋಗುತ್ತದೆ. 326 ಜನರ ಮೇಲೆ 12 ವಾರ ನಡೆದ ಇದರ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಮೊರೆತದ ಸಂಕಟ ಅಳೆಯುವ ನೂರರ ಅಳತೆಯಲ್ಲಿ ಸರಾಸರಿ ಸುಮಾರು 14 ಅಂಕ ಇಳಿಯಿತು, ಚಿಕಿತ್ಸೆ ನಿಂತು ವರ್ಷವಾದ ಮೇಲೂ ಒಳಿತು ಉಳಿದಿತ್ತು. ಆದರೆ ಅದರಲ್ಲಿ ಸುಳ್ಳು ಚಿಕಿತ್ಸೆ ಪಡೆದ ಗುಂಪು ಇರಲಿಲ್ಲ, ಹೋಲಿಸಿದ್ದು ಒಂದು ಬಗೆಯ ಜೋಡಣೆಯನ್ನು ಇನ್ನೊಂದು ಬಗೆಯ ಜೋಡಣೆಯೊಂದಿಗೆ. ಯಂತ್ರದ ಮೇಲಿನ ನಂಬಿಕೆಯಿಂದಲೇ ಎಷ್ಟು ಒಳಿತಾಯಿತು ಅನ್ನುವ ಪ್ರಶ್ನೆ ಉಳಿಯಿತು. ಮುಂದಿನ ಒಂದು ಪ್ರಯೋಗದಲ್ಲಿ 112 ಜನರಿಗೆ ಮೊದಲ ಆರು ವಾರ ಬರೀ ಧ್ವನಿ, ಮುಂದಿನ ಆರು ವಾರ ಧ್ವನಿ ಮತ್ತು ನಾಲಿಗೆ ಎರಡೂ ಕೊಟ್ಟರು. ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ಸಂಕಟ ಇದ್ದವರಲ್ಲಿ ಬರೀ ಧ್ವನಿಯಿಂದ ನೂರಕ್ಕೆ 43.2, ಎರಡೂ ಸೇರಿದಾಗ ನೂರಕ್ಕೆ 58.6 ಜನರಿಗೆ ಗಮನಾರ್ಹ ಒಳಿತು ಕಂಡಿತು. ಇದರ ಆಧಾರದ ಮೇಲೆ 2023ರ ಮಾರ್ಚಿನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಶೋರ್ ಬಳಗದ ದಾರಿ ಬೇರೆ. ಅವರ ವಿದ್ಯುದ್ವಾರ ಕೆನ್ನೆಯ ಮೇಲೆ ಅಥವಾ ಕತ್ತಿನ ಮೇಲೆ. 2018ರಲ್ಲಿ ಗಿನಿಪಿಗ್‌ಗಳ ಜೊತೆಗೆ 20 ಮಂದಿ ರೋಗಿಗಳ ಫಲಿತಾಂಶ ಕೊಟ್ಟರು. 2023ರಲ್ಲಿ 99 ಜನರ ಪ್ರಯೋಗ ಪ್ರಕಟಿಸಿದರು. ದಿನಕ್ಕೆ ಅರ್ಧ ಗಂಟೆ, ಮನೆಯಲ್ಲೇ, ಆರು ವಾರ. ಒಮ್ಮೆ ನಿಜವಾದ ಜೋಡಿ ಚಿಕಿತ್ಸೆ, ಒಮ್ಮೆ ಬರೀ ಧ್ವನಿ, ನಡುವೆ ಆರು ವಾರ ಬಿಡುವು. ಯಾವುದು ಯಾವಾಗ ಅಂತ ರೋಗಿಗೆ ಗೊತ್ತಿರಲಿಲ್ಲ. ಜೋಡಿ ಚಿಕಿತ್ಸೆಯಲ್ಲಿ ಸಂಕಟವೂ ಸದ್ದಿನ ಜೋರೂ ಬರೀ ಧ್ವನಿಗಿಂತ ಹೆಚ್ಚು ಇಳಿದವು. ಇಲ್ಲಿ ನಾನು ಅಡಿಗೆರೆ ಎಳೆಯೋದು ಒಂದು ಷರತ್ತಿಗೆ. ಈ ಪ್ರಯೋಗಕ್ಕೆ ಅವರು ಆರಿಸಿದ್ದು ದವಡೆ ಅಥವಾ ಕತ್ತು ಅಲುಗಿಸಿದಾಗ ಮೊರೆತ ಬದಲಾಗುವ ರೋಗಿಗಳನ್ನು. ಅಂದರೆ ರೊಟ್ಟಿ ಅಗಿಯುವಾಗ ಮುತ್ಯಾ ಹೇಳಿ ನಗೆಗೀಡಾದ ಮಾತು ಅಲ್ಲಿ ಪ್ರವೇಶಪತ್ರ.

ಇದೇನು ಪೂರ್ತಿ ಗುಣ ಮಾಡುವ ಚಿಕಿತ್ಸೆಯಲ್ಲ. ಕೆಲವರಿಗೆ ಏನೂ ಆಗಲಿಲ್ಲ. ಹೆಚ್ಚಿನವರಿಗೆ ಸದ್ದು ಹೋಗಲಿಲ್ಲ, ತಗ್ಗಿತು. ಹತ್ತು ವರ್ಷದ ಮೇಲೆ ಏನಾಗುತ್ತದೆ ಅಂತ ನೋಡುವಷ್ಟು ಕಾಲ ಇನ್ನೂ ಕಳೆದಿಲ್ಲ.

6. ಅಳತೆಗೋಲು ಅಂದರೆ ಮಾತು

ಈಗ ನನ್ನ ವಿಭಾಗದವರ ಪ್ರಶ್ನೆಗೆ ಬರ್ತೀನಿ. 14 ಅಂಕ ಇಳಿಯಿತು ಅಂದೆ. ಯಾವುದರ ಅಂಕ? ಜ್ವರಕ್ಕೆ ಥರ್ಮಾಮೀಟರ್ ಇದೆ, ಸಕ್ಕರೆಗೆ ರಕ್ತಪರೀಕ್ಷೆ ಇದೆ. ಕಿವಿಮೊರೆತದ ಸಂಕಟಕ್ಕೆ ಇರುವುದು ಪ್ರಶ್ನಾವಳಿ. ಹೆಚ್ಚು ಬಳಕೆಯಲ್ಲಿರುವುದು 1996ರಲ್ಲಿ ನ್ಯೂಮನ್ ಮತ್ತು ಸಂಗಡಿಗರು ಮಾಡಿದ ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ, ಚಿಕ್ಕದಾಗಿ ಟಿಎಚ್‌ಐ. 25 ಪ್ರಶ್ನೆಗಳು. ಹೌದು ಅಂದರೆ 4, ಕೆಲವೊಮ್ಮೆ ಅಂದರೆ 2, ಇಲ್ಲ ಅಂದರೆ 0. ನಿದ್ದೆ, ಗಮನ, ಸಿಟ್ಟು, ದಣಿವು, ಇದರಿಂದ ಬಿಡುಗಡೆಯೇ ಇಲ್ಲ ಅನ್ನಿಸುವುದು, ಇಂಥವನ್ನು ಕೇಳುತ್ತಾರೆ. ಇಷ್ಟು ದೊಡ್ಡ ವಿಜ್ಞಾನ ಕೊನೆಗೆ ಬಂದು ನಿಲ್ಲುವುದು ಒಬ್ಬ ಮನುಷ್ಯ ಯಾವ ಭಾಷೆಯಲ್ಲಿ ಕೇಳಿಸಿಕೊಂಡು ಯಾವ ಭಾಷೆಯಲ್ಲಿ ಉತ್ತರ ಕೊಟ್ಟ ಅನ್ನುವುದರ ಮೇಲೆ.

ಮುತ್ಯಾ ಹಲವು ವರ್ಷದ ಹಿಂದೆ ಊರ ಹೊರಗಿನ ಒಂದು ಆಸ್ಪತ್ರೆಗೆ ತೋರಿಸಿದ್ದರು. ಆಗ ನಾನಿನ್ನೂ ಹೈಸ್ಕೂಲು, ಜೊತೆಗೆ ಹೋಗಿದ್ದೆ. ಅಲ್ಲಿಯ ಡಾಕ್ಟರು ಮರಾಠಿಯಲ್ಲಿ ಕೇಳಿದರು: "ಕಾನಾತ ಆವಾಜ ಯೇತೋ ಕಾ?" ಕಿವಿಯಲ್ಲಿ ಸದ್ದು ಬರುತ್ತಾ ಅಂತ. ಮುತ್ಯಾ ಅದನ್ನು ಕಿವಿ ಕೇಳಸ್ತದೇನು ಅಂತ ತಿಳಿದು "ಯೇತೋ, ಥೋಡಾ ಕಮೀ" ಅಂದರು. ಬರುತ್ತೆ, ಸ್ವಲ್ಪ ಕಡಿಮೆ. ಚೀಟಿಯಲ್ಲಿ ಕಿವಿ ಮಂದ ಅಂತಷ್ಟೇ ಬಂತು. ಮೊರೆತ ಬರಲಿಲ್ಲ, ನಿದ್ದೆ ಬರಲಿಲ್ಲ. ಮುಂದಿನ ಎಲ್ಲ ಚೀಟಿಗಳೂ ಆ ಮೊದಲ ಚೀಟಿಯ ನಕಲು.

ಮುತ್ಯಾಗೆ ಮರಾಠಿ ಬರುವುದಿಲ್ಲ ಅಂತಲ್ಲ. ಪೇಟೆಯಲ್ಲಿ, ಬಸ್ಸಿನಲ್ಲಿ ಮರಾಠಿ ಸರಾಗ. ಕಾರಖಾನೆ ಮಾಲಕರ ಜೊತೆ ತೆಲುಗು. ಗಡಿಯವರಾದ ನಮಗೆ ಇದು ಹೆಮ್ಮೆಯ ಮಾತೂ ಹೌದು. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಕೂತಾಗ ಆಗುವ ಸಂಕಟಕ್ಕೆ ಅವರ ಹತ್ತಿರ ಇದ್ದದ್ದು ಕನ್ನಡದ ಮಾತುಗಳು ಮಾತ್ರ. ವ್ಯವಹಾರದ ಭಾಷೆಯಲ್ಲಿ ಸಂಕಟ ಹೇಳು ಅಂದರೆ ಮನುಷ್ಯ ವ್ಯವಹಾರದ ಉತ್ತರವನ್ನೇ ಕೊಡ್ತಾನೆ. ಆ ಡಾಕ್ಟರು ಕೆಟ್ಟವರಲ್ಲ, ಹೊರಗೆ ಎಂಬತ್ತು ಜನ ಕಾಯ್ತಿದ್ದರು. ಕೇಳಿದ ಪ್ರಶ್ನೆಯೂ ತಪ್ಪಲ್ಲ. ಹುಡುಗಿಯಾದ ನಾನು ಪಕ್ಕದಲ್ಲೇ ನಿಂತು, ಎರಡೂ ಭಾಷೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅದು ನನ್ನ ಲೆಕ್ಕದಲ್ಲಿ ಉಳಿದಿದೆ.

ಟಿಎಚ್‌ಐ ಕನ್ನಡಕ್ಕೂ ಬಂದಿದೆ. ಅದನ್ನು ಕನ್ನಡಕ್ಕೆ ತಂದು ಪರೀಕ್ಷಿಸಿದ ಅಧ್ಯಯನ 2012ರಲ್ಲೇ ಪ್ರಕಟವಾಗಿದೆ. ಆದರೆ ಗಡಿಯ ಈಚೆ, ಮರಾಠಿ ರಾಜ್ಯದ ಆಸ್ಪತ್ರೆಯಲ್ಲಿ, ಕನ್ನಡದ ಪ್ರಶ್ನಾವಳಿ ಯಾರ ಮೇಜಿನ ಮೇಲಿರುತ್ತದೆ? ಇದ್ದರೂ ಗ್ರಂಥಭಾಷೆಯ 'ಏಕಾಗ್ರತೆ', 'ಹತಾಶೆ' ನಮ್ಮ ಮುತ್ಯಾನಂಥವರಿಗೆ ತಲುಪುತ್ತವೆಯೆ? ಹತಾಶೆ ಆಗ್ತದಾ ಅಂದರೆ ಅವರು ಇಲ್ಲ ಅಂತಾರೆ. ಜೀವ ಬ್ಯಾಸರ ಆಗ್ತದಾ ಅಂದರೆ ಸುಮ್ಮನಾಗ್ತಾರೆ. ಆ ಮೌನಕ್ಕೆ 4 ಅಂಕ.

ಕಳೆದ ದೀಪಾವಳಿ ರಜೆಯಲ್ಲಿ ಆಡಿಯಾಲಜಿಸ್ಟ್ ಒಬ್ಬರ ಬಳಿ ಅವರನ್ನು ಕರೆದುಕೊಂಡು ಹೋದೆ. ಅವರ ಒಪ್ಪಿಗೆಯಿಂದ ಪ್ರಶ್ನೆಗಳನ್ನು ನಮ್ಮೂರ ಮಾತಿನಲ್ಲಿ ನಾನು ಕೇಳಿದೆ, ಉತ್ತರವನ್ನು ಅವರು ಬರೆದುಕೊಂಡರು. 25 ಪ್ರಶ್ನೆಗೆ ಮುಕ್ಕಾಲು ಗಂಟೆ ಹಿಡಿಯಿತು. ಹದಿನಾರನೇ ಪ್ರಶ್ನೆಯ ಹೊತ್ತಿಗೆ ಮುತ್ಯಾ ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡರು. ಒಟ್ಟು 62 ಅಂಕ. ತೀವ್ರ ಅನ್ನುವ ಮಟ್ಟ ಅದು. ಹತ್ತು ವರ್ಷ ಚೀಟಿಯಲ್ಲಿ ಇಲ್ಲದೇ ಇದ್ದ ಕಾಯಿಲೆಗೆ ಒಂದು ಸಂಖ್ಯೆ ಬಂತು. ಈಗ ಎರಡೂ ಕಿವಿಗೆ ಶ್ರವಣಯಂತ್ರ ಇದೆ. ಹೊರಗಿನ ಸದ್ದು ಒಳಗೆ ಬರುವುದರಿಂದ ಹಗಲು ಮೊರೆತ ಹಿಂದೆ ಸರಿಯುತ್ತೆ. ರಾತ್ರಿಗೆ ರೇಡಿಯೊನೇ. ನಾಲಿಗೆಯ ಯಂತ್ರ, ಕೆನ್ನೆಯ ಯಂತ್ರ ನಮ್ಮ ಕೈಗೆಟುಕುವ ಮಾತಲ್ಲ, ಸದ್ಯಕ್ಕಂತೂ ಇಲ್ಲ. ಎಟುಕುವ ದಿನ ಬಂದರೆ, ದವಡೆ ಕಚ್ಚಿದಾಗ ಏನಾಗ್ತದೆ ಅಂತ ಅವರನ್ನು ಅವರ ಮಾತಿನಲ್ಲೇ ಕೇಳುವವರು ಇರಬೇಕು ಅನ್ನೋದು ನನ್ನ ಆಸೆ. ಗಡಿನಾಡಿನ ಕನ್ನಡ ವಿಭಾಗಗಳು ಹತ್ತಿರದ ಆಸ್ಪತ್ರೆಗಳ ಜೊತೆ ಕೂತು ಇಂಥ ಪ್ರಶ್ನಾವಳಿಗಳನ್ನು ಆಯಾ ಕಡೆಯ ಮಾತಿಗೆ ಇಳಿಸುವ ಕೆಲಸ ಮಾಡಬಹುದು. ಕಾಸರಗೋಡಿನ ಕನ್ನಡಕ್ಕೂ ಆದವಾನಿಯ ಕನ್ನಡಕ್ಕೂ ಒಂದೇ ಹಾಳೆ ಸಾಲುವುದಿಲ್ಲ. ಉಪಭಾಷೆಯ ಅಧ್ಯಯನ ಅಂತ ನಾವು ಪರೀಕ್ಷೆಗೆ ಬರೆಯುವುದಕ್ಕೆ ಇಲ್ಲಿ ನಿಜವಾದ ಬಳಕೆ ಇದೆ.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ.

ಪ್ರಶ್ನೋತ್ತರ

ಒಬ್ಬ ಸಹಪಾಠಿ: ಅನಾಹತ ನಾದದ ಮಾತನ್ನು ನೀವು ಬೇಗ ದಾಟಿಬಿಟ್ಟಿರಿ. ನಮ್ಮ ಅನುಭಾವ ಪರಂಪರೆಗೂ ಕಿವಿಮೊರೆತಕ್ಕೂ ಸಂಬಂಧ ಇರಬಹುದಲ್ಲ?

ಉತ್ತರ: ಬೇಕಂತಲೇ ದಾಟಿದೆ. ಸಾಧಕರು ಅರಸಿಕೊಂಡು ಹೋಗುವ ಅನುಭವಕ್ಕೂ ಬೇಡವೆಂದರೂ ಬಂದು ಕೂರುವ ಸದ್ದಿಗೂ ಅಂತರ ಇದೆ. ಅನುಭಾವವನ್ನು ಕಾಯಿಲೆ ಅನ್ನುವ ಧೈರ್ಯ ನನಗಿಲ್ಲ. ಕಾಯಿಲೆಯನ್ನು ಅನುಭಾವ ಅಂದು ಸುಮ್ಮನಿರಿಸಿದರೆ ಏನಾಗ್ತದೆ ಅನ್ನೋದನ್ನು ಮನೆಯಲ್ಲಿ ನೋಡಿದ್ದೇನೆ.

ಒಬ್ಬ ಪ್ರಾಧ್ಯಾಪಕರು: ನನಗೂ ಒಂದು ಕಿವಿಯಲ್ಲಿ ಈ ಸದ್ದಿದೆ. ಮನೆಯಲ್ಲೇ ಹೆಡ್‌ಫೋನು ಮತ್ತು ಮಸಾಜ್ ಯಂತ್ರ ಸೇರಿಸಿ ಮಾಡಿಕೊಂಡರೆ ಆಗದೇ?

ಉತ್ತರ: ದಯವಿಟ್ಟು ಬೇಡ ಸರ್. ಮಿಲಿಸೆಕೆಂಡಿನ ಲೆಕ್ಕ ತಪ್ಪಿದರೆ ಬೇಡದ ಕಡೆಗೇ ಹೋಗಬಹುದು. ಅದಕ್ಕಿಂತ ಮುಖ್ಯ, ಒಂದೇ ಕಿವಿಯಲ್ಲಿ ಮೊರೆತ ಇದ್ದರೆ, ನಾಡಿಮಿಡಿತದ ಜೊತೆ ಸದ್ದು ಬಡಿಯುತ್ತಿದ್ದರೆ, ಕಿವಿ ತಟ್ಟನೆ ಮಂದವಾದರೆ ಕಿವಿ ವೈದ್ಯರಿಗೆ ತಡಮಾಡದೆ ತೋರಿಸಬೇಕು, ಬೇರೆ ಕಾರಣ ಇರಬಹುದು. ತೋರಿಸುವಾಗ ಸಂಕೋಚ ಬೇಡ. ನಿಮಗೆ ಹೇಗೆ ಕೇಳ್ತದೋ ಹಾಗೇ ಹೇಳಿ, ನಿಮ್ಮ ಮಾತಿನಲ್ಲೇ ಹೇಳಿ.